ಚೌಕಟ್ಟಿನಾಚೆಯ ಚಪ್ಪಾಳೆ

ಊರೆಲ್ಲ ಸ್ಟುಡಿಯೋದವರು ಎಂದೇ ಕರೆಯುತ್ತಿದ್ದ ಫೋಟೋಗ್ರಾಫರ್ ಮೂವತ್ತು ವರ್ಷ ಊರಾಚೆಯ ಜೌಗಿನ ಫೋಟೋ ತೆಗೆದಿದ್ದರು. ಅವರ ಹೆಂಡತಿ ಇದ್ದದ್ದು ಒಂದರಲ್ಲಿ ಮಾತ್ರ. ಆ ಬೆಳಿಗ್ಗೆ ಅವರು ಮೂರು ಗಂಟೆ ಕ್ಯಾಮೆರಾ ಹಿಡಿದು ಕೂತರೂ ಹಕ್ಕಿಗಳು ಜಪ್ಪಯ್ಯ ಅಂದರೂ ಏಳಲಿಲ್ಲ. ತಂದ ಬುತ್ತಿ ತಣ್ಣಗಾಗುತ್ತಿದೆಯೆಂದು ಅವಳೇ ಮುಂದೆ ಹೋಗಿ ಚಪ್ಪಾಳೆ ತಟ್ಟಿದಳು. ಆಕಾಶವೆಲ್ಲ ರೆಕ್ಕೆ. ಎಡ ಅಂಚಿನಲ್ಲಿ ಅವಳು, ಅಂಗೈ ಇನ್ನೂ ಕೂಡಿಸಿಕೊಂಡೇ ನಗುತ್ತ.

ಅವಳು ಹೋಗಿ ನಾಲ್ಕು ವರ್ಷ. ಮನೆಯಲ್ಲಿ ಸಿಗದವಳು, ಅವರು ಜೌಗಿನ ದಂಡೆಯಲ್ಲಿ ಕೂತರೆ ಬೆನ್ನ ಹಿಂದೆಯೇ ನಿಂತಂತೆ ಅನಿಸುತ್ತಿತ್ತು. ಈಗ ಅಲ್ಲಿ ಮಣ್ಣು ತುಂಬಿ ಮಳಿಗೆ ಕಟ್ಟುತ್ತಾರಂತೆ. ಸೋಮವಾರ ಪುರಸಭೆಯಲ್ಲಿ ತೀರ್ಮಾನ. ಸದಸ್ಯರ ಮನಸ್ಸು ಕರಗಲೆಂದು ಡ್ರಾಯಿಂಗ್ ಮೇಷ್ಟ್ರು ಅದಕ್ಕೆ ಮೊದಲು ಶನಿವಾರ ಪುರಸಭೆಯ ಹಜಾರದಲ್ಲೇ ಫೋಟೋ ಪ್ರದರ್ಶನ ಇಟ್ಟುಕೊಂಡಿದ್ದರು.

"ನಡುಗೋಡೆಗೆ ಇದೇ ಅಣ್ಣಾ. ಆದ್ರೆ ಅತ್ತಿಗೆ ಇರೋ ಭಾಗ ತೆಗೀಬೇಕು. ಹಕ್ಕಿ ಉಳಿಸಿ ಅಂತ ಬೋರ್ಡು ಹಾಕಿ, ಹಕ್ಕಿ ಓಡಿಸೋರನ್ನ ತೋರಿಸಿದ್ರೆ ಜನ ನಗಲ್ವಾ?" ಸ್ಟುಡಿಯೋಗೆ ಬಂದ ಮೇಷ್ಟ್ರು ಆ ಫೋಟೋ ಎತ್ತಿಕೊಂಡು ಕೇಳಿದರು.

"ಬೇರೆ ನೂರಿವೆ, ಆರಿಸ್ಕೋ."

"ಆ ನೂರರಲ್ಲೂ ಹಕ್ಕಿ ತೂಕಡಿಸ್ತಿವೆ!"

ಮೇಷ್ಟ್ರು ಹೋದ ಮೇಲೆ ಮಗಳು ಮೆಲ್ಲಗೆ ಅಂದಳು: "ಅಮ್ಮ ಇದ್ದಿದ್ರೆ ತಾನೇ ಬ್ಲೇಡ್ ತಂದು ಕೊಡೋಳು, ಅಪ್ಪಾ."

ನೆಗೆಟಿವ್ ಇತ್ತು, ಇನ್ನೊಂದು ಪ್ರತಿ ಹಾಕುವುದೇನೂ ಕಷ್ಟವಿರಲಿಲ್ಲ. ಆದರೂ ಬ್ಲೇಡು ಹಿಡಿದ ಕೈ ಅವಳ ಭುಜದ ಹತ್ತಿರ ಬಂದು ನಿಂತುಬಿಟ್ಟಿತು. ಕೊನೆಗೆ ಕಣ್ಣು ಮುಚ್ಚದೆಯೇ ಎಳೆದರು. ನಾಲ್ಕು ಬೆರಳಗಲದ ಪಟ್ಟಿ ಅಂಗಿಯ ಜೇಬು ಸೇರಿತು.

ಶನಿವಾರ ಹಜಾರ ಕಿಕ್ಕಿರಿದಿತ್ತು. ಮಣ್ಣು ತುಂಬಿಸಿ ಎಂದು ಎಲ್ಲರಿಗಿಂತ ಜೋರು ಮಾಡಿದ್ದ ಸದಸ್ಯೆ ನಡುಗೋಡೆಯ ಮುಂದೆ ನಿಂತವರು ಕದಲಲಿಲ್ಲ.

"ಏನು ಕಂಡು ಹೆದರಿದ್ವು ಇಷ್ಟೊಂದು ಹಕ್ಕಿ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಸ್ಟುಡಿಯೋದವರು ಅವರ ಕಡೆ ನೋಡಲೇ ಇಲ್ಲ.

"ನಮ್ಮನೆಯವಳು ಚಪ್ಪಾಳೆ ತಟ್ಟಿದಳು, ಅಮ್ಮಾ. ನನಗೆ ಊಟಕ್ಕೆ ಹೊತ್ತಾಗಿತ್ತು."

"ಎಲ್ಲಿದಾರೆ? ಕಾಣ್ತಿಲ್ವಲ್ಲ."

ಅವರು ಜೇಬಿನಿಂದ ಪಟ್ಟಿ ತೆಗೆದು ಚೌಕಟ್ಟಿನ ಎಡಕ್ಕೆ ಹಿಡಿದರು. ಪಟ್ಟಿ ತುಸು ಕೆಳಗಾಗಿ, ಅದರ ನೀರಿನ ಗೆರೆ ಫೋಟೋದ ನೀರಿಗೆ ಸೇರಲಿಲ್ಲ. ಸದಸ್ಯೆ ತಾವೇ ಬೆರಳಿಟ್ಟು ಪಟ್ಟಿಯನ್ನು ಚೂರು ಮೇಲಕ್ಕೆ ಸರಿಸಿದರು. ಗೆರೆ ಕೂಡಿತು.

"ಅವರು ನಿಂತಿದ್ದ ಜಾಗ ಹಾಗೇ ಇದೆಯಾ?"

"ಇದೆ. ಸೋಮವಾರದವರೆಗೂ ಇದೆ."

ಸದಸ್ಯೆ ಬೆರಳು ತೆಗೆಯಲಿಲ್ಲ. "ನಾಳೆ ಬೆಳಿಗ್ಗೆ ನಂಗೊಂದ್ಸಲ ತೋರಿಸ್ತೀರಾ?" ಎಂದರು.