ಕೇರ್ ಆಫ್ ಸುಬ್ರಾಯ

ಬ್ಯಾಂಕಿನವರು ಸ್ವಯಂನಿವೃತ್ತಿ ಎಂಬ ಮರ್ಯಾದೆಯ ಹೆಸರಿನಲ್ಲಿ ಮನೆಗೆ ಕಳಿಸಿದ ಮೇಲೆ ತುಳಸಿದಾಸನಿಗೆ ಮಾಡಲು ಕೆಲಸವಿರಲಿಲ್ಲ, ಮಾಡಿಸಲು ಕೈಕೆಳಗೆ ಜನವೂ ಇರಲಿಲ್ಲ. ಎರಡನೆಯದೇ ಹೆಚ್ಚು ಕಷ್ಟವಾಯಿತು. ಕಾರವಾರದ ಮನೆಯ ಅಟ್ಟ ಗುಡಿಸುವ ಉಸ್ತುವಾರಿಯನ್ನು ತಾನಾಗಿಯೇ ವಹಿಸಿಕೊಂಡು, ಹೆಂಡತಿ ನೀತಾ ಗುಡಿಸುತ್ತಿದ್ದಾಗ ಕೆಳಗೆ ನಿಂತು ಸಲಹೆ ಕೊಡುತ್ತಿದ್ದ. ಆಗ ಸಿಕ್ಕಿದ್ದು ತೀರಿಹೋದ ತಂದೆ ಪುಂಡಲೀಕ ಮಾಸ್ತರರ ಟ್ರಂಕು.

ಮಾಸ್ತರರು ಅಂಕೋಲೆ ಕಡೆಯ ಒಂದು ಕಡಲಕೇರಿಯಲ್ಲಿ ಶಾಲೆ ನಡೆಸಿದವರು. ಆ ಕಾಲಕ್ಕೆ ಕೇರಿಯ ಗಂಡಸರಲ್ಲಿ ಬಹಳಷ್ಟು ಜನ ಬೊಂಬಾಯಿಯ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ದುಡಿಯಲು ಹೋಗಿದ್ದರು. ಓದುಬರಹ ಇಲ್ಲದ ಅವರ ಹೆಂಡಂದಿರ ಕಾಗದಗಳನ್ನೆಲ್ಲ ಮಾಸ್ತರರೇ ಬರೆದುಕೊಡುತ್ತಿದ್ದರು. ಬರೆದು ಕಳಿಸಿದರೆ ಮುಗಿಯಿತಲ್ಲ? ಮುಗಿಯಲಿಲ್ಲ. ತಮ್ಮ ಗದ್ಯ ಹೀಗೆ ಊರುಬಿಟ್ಟು ಹೋಗುವುದು ಅವರಿಗೆ ಸಹಿಸಲಾಗದೆ, ಪ್ರತಿಯೊಂದರ ನಕಲನ್ನೂ ರಟ್ಟು ಹಾಕಿದ ಪುಸ್ತಕದಲ್ಲಿ ದುಂಡಗೆ ಇಳಿಸಿಟ್ಟಿದ್ದರು. ಗಂಡಂದಿರ ಉತ್ತರಗಳೂ ಟ್ರಂಕಿನಲ್ಲೇ ಇದ್ದವು. ಓದಿಸಿಕೊಂಡ ಮೇಲೆ ಆ ಹೆಂಗಸರು ಅವನ್ನು ಅಲ್ಲೇ ಬಿಟ್ಟುಹೋಗುತ್ತಿದ್ದರಂತೆ.

ನೀತಾ ಗುಜರಿಯವನನ್ನು ಕರೆಯುವವಳಿದ್ದಳು. ಅಷ್ಟರಲ್ಲಿ ಧಾರವಾಡದ ಸಂಶೋಧಕಿ ಮಾನಸಾ ಸುದ್ದಿ ತಿಳಿದು ಬಂದಳು. ಸಾಮಾನ್ಯ ಜನರ ದಿನನಿತ್ಯದ ಬದುಕು ಅವಳ ವಿಷಯ. ಹಳೇ ದಿನಚರಿ, ಲೆಕ್ಕದ ಪಟ್ಟಿ ಏನು ಸಿಕ್ಕರೂ ಅವಳ ಕಣ್ಣು ಮಿನುಗುತ್ತಿತ್ತು. ಎಲ್ಲಾ ಹಾಳೆಗಳ ಫೋಟೋ ಹೊಡೆದುಕೊಂಡು, “ಸರ್, ಇದು ಕಡಲತೀರದ ಮೂಕ ಹೆಂಗಸರ ದನಿ. ಪುಸ್ತಕ ಮಾಡೋಣ” ಎಂದಳು. ಮುಖಪುಟದ ಮೇಲೆ ಪುಂಡಲೀಕ ಮಾಸ್ತರರ ಹೆಸರು ಎಂದೂ ಹೇಳಿದಳು. ತುಳಸಿದಾಸನಿಗೆ ಮೂವತ್ತು ವರ್ಷದ ಸಂಬಳದಲ್ಲಿ ಸಿಗದ ಗೌರವ ಅಟ್ಟದಿಂದ ಇಳಿದು ಬಂದಂತಾಯಿತು. ಯಾವ ಫೋಟೋ ಹಾಕಬೇಕೆಂದು ಅಂದೇ ಆರಿಸಿಟ್ಟ: ಅಪ್ಪ ಬೇರೆಯವರ ಕೋಟು ತೊಟ್ಟು ತೆಗೆಸಿಕೊಂಡದ್ದು. ಮಾನಸಾಳದ್ದು ಒಂದೇ ಒಂದು ಷರತ್ತಿತ್ತು. ಕಾಗದ ಬರೆಸಿದ ಯಾರಾದರೊಬ್ಬರು ಇನ್ನೂ ಬದುಕಿದ್ದರೆ, ಇದು ನನ್ನ ಮಾತು ಎಂದು ಅವರ ಬಾಯಿಂದ ಟೇಪಿನಲ್ಲಿ ಬರಬೇಕು.

ಬೊಮ್ಮಿ ಬದುಕಿದ್ದಳು. ಎಪ್ಪತ್ತರ ಹತ್ತಿರ, ಬಾಯಿಗಿನ್ನೂ ಇಪ್ಪತ್ತು.

ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿನಿಂದ ಇಳಿದ ಮಾನಸಾಳನ್ನು ತುಳಸಿದಾಸ ರಿಕ್ಷಾದಲ್ಲಿ ಕರೆದೊಯ್ದ. ಬೊಮ್ಮಿ ಮನೆಯೆದುರು ನಾದಿನಿ ನಾಗುವಿನ ಜೊತೆ ಕೂತು ಒಣಮೀನು ಆರಿಸುತ್ತಿದ್ದಳು. ಮಾನಸಾ ಟೇಪು ಒತ್ತಿದಳು. ತುಳಸಿದಾಸ ಗಂಟಲು ಸರಿಮಾಡಿಕೊಂಡು, ಬ್ಯಾಂಕಿನ ವಾರ್ಷಿಕ ವರದಿ ಓದುವ ಧಾಟಿಯಲ್ಲಿ ಶುರುಮಾಡಿದ.

“ಪ್ರಾಣೇಶ್ವರರ ಪಾದಾರವಿಂದಗಳಿಗೆ ದಾಸಿಯು ಮಾಡುವ ಅನಂತ ಪ್ರಣಾಮಗಳು. ಪಡುವಣ ಕಡಲಿನಲ್ಲಿ ದಿನಮಣಿಯು ಅಸ್ತಂಗತನಾಗುವಾಗಲೆಲ್ಲ ಈ ವಿರಹಿಣಿಯ ಹೃದಯಕಮಲವು ಮುದುಡಿ...”

“ಯಾರು ತಮಾ ಆ ಹೆಂಗ್ಸು?” ಎಂದಳು ಬೊಮ್ಮಿ.

“ನೀವೇ. ನಿಮ್ಮ ಯಜಮಾನರಿಗೆ ಬರೆಸಿದ್ದು.”

ನಾಗು ಕೈಯಲ್ಲಿದ್ದ ಮೀನು ಬಿಟ್ಟು ನಗತೊಡಗಿದಳು. “ನಿನ್ನ ಕಮಲ ಮುದುಡಿತ್ತಾ ಬೊಮ್ಮಿ? ನಂಗೆ ಒಂದು ಮಾತು ಹೇಳ್ಲಿಲ್ವಲ್ಲೇ!”

“ನಿಂಗೆ ಹೇಳಿದ್ರೆ ಅಂಕೋಲೆ ಪ್ಯಾಟಿಗೆಲ್ಲಾ ಡಂಗುರ ಹೊಡೀತಿದ್ದೆ.” ಬೊಮ್ಮಿ ತುಳಸಿದಾಸನ ಕಡೆ ತಿರುಗಿದಳು. “ಅಲ್ಲ ತಮಾ, ನಾ ಹೇಳೂದೇ ಬೇರೆ. ಚಪ್ಪರದ ತೆಂಗಿನ ಮಡ್ಲು ಗಾಳಿಗೆ ಹಾರೋಯ್ತು, ಒಣ್ಸೂಕೆ ಹಾಕಿದ ಸಿಗಡಿ ನಾಯಿ ತಿಂತು, ನಿನ್ನ ಅಬ್ಬೆ ನನ್ನ ಕೂಡೆ ಮಾತು ಬಿಟ್ಟದೆ, ಬರುವಾಗ ಒಂದು ಕೊಡೆ ತಕಂಡು ಬಾ, ಅಷ್ಟೇ. ಮಾಸ್ತರರು ಪೆನ್ನು ಕೆಳಗಿಟ್ಟು, ‘ಬೊಮ್ಮೀ, ಇಂಥದ್ದೆಲ್ಲ ಕಾಗದದಲ್ಲಿ ಬರಿಯೂದಲ್ಲ’ ಹೇಳ್ತಿದ್ರು.”

“ಮತ್ತೆ ಬೊಂಬಾಯಿಗೆ ಸುದ್ದಿ ತಲುಪ್ತಿದ್ದದ್ದು ಹೇಗೆ ಅಜ್ಜಿ?” ಎಂದಳು ಮಾನಸಾ.

“ಜಟ್ಟು ತಾಂಡೇಲ ದೋಣಿ ತಕಂಡು ಹೋಗ್ತಿದ್ನಲ್ಲ, ಅವನ ಬಾಯಲ್ಲಿ. ಕೊಡೆನೂ ಅವನೇ ತಂದ.”

“ಹಾಗಾದ್ರೆ ಕಾಗದ ಯಾಕೆ ಬರೆಸ್ತಿದ್ರಿ?”

“ಬರೆಸ್ದೇ ಇದ್ರೆ ಮಾಸ್ತರರ ಶಾಲೇಲಿ ನಮ್ಮ ಹುಡುಗ್ರು ಪಾಸಾಗ್ಬೇಕಲ್ಲ!” ಎಂದಳು ನಾಗು. “ಬಂದ ಕಾಗದ ಓದುವಾಗ ಅಳೂದು ಬೇರೆ. ಅಳದಿದ್ರೆ ಅರ್ಥ ಆಗ್ಲಿಲ್ಲ ಹೇಳಿ ಮೊದ್ಲಿಂದ ಓದ್ತಿದ್ರು. ಒಲೆ ಮೇಲೆ ಸಾರು ಸೀದು ಹೋಗ್ತಿತ್ತು. ಅದಕ್ಕೇ ನಾವು ‘ಪ್ರಾಣ’ ಅನ್ನುವಾಗ್ಲೇ ಅತ್ತುಬಿಡ್ತಿದ್ದೆವು.”

ತುಳಸಿದಾಸ ಟೇಪಿನ ಕೆಂಪು ದೀಪ ನೋಡುತ್ತಿದ್ದ. ಅದು ಉರಿಯುತ್ತಲೇ ಇತ್ತು.

ಮಾನಸಾ ತನ್ನ ಟಿಪ್ಪಣಿ ಹುಡುಕಿದಳು. ಅರವತ್ತೆರಡನೇ ಇಸವಿಯ ಕಾಗದಗಳಲ್ಲಿ ವಿರಹ ಶಿಖರ ಮುಟ್ಟಿದೆ ಎಂದು ಒಂದು ಇಡೀ ಅಧ್ಯಾಯವನ್ನೇ ಅವಳು ಬರೆದಾಗಿತ್ತು.

“ಗೋವೆ ನಮ್ಮದಾದ ಮರುವರ್ಷ ಅಲ್ದಾ ಅದು?” ಎಂದಳು ಬೊಮ್ಮಿ. “ಆಗ ನಮ್ಮ ಯಜಮಾನ ಇಲ್ಲೇ ಇದ್ದ. ಬೊಂಬಾಯಿ ನೀರು ಆಗೂದಿಲ್ಲ ಹೇಳಿ ಬಂದು, ಬಲೆ ಹೊಲೀತಾ ನನ್ನ ತಲೆ ತಿಂತಿದ್ದ.”

“ಮತ್ತೆ ಆ ವರ್ಷ ಅವರಿಂದ ಇಷ್ಟೊಂದು ಉತ್ತರ?”

“ಅದು ಸುಬ್ರಾಯಂದು.”

ಸುಬ್ರಾಯನೂ ಅಂಕೋಲೆಯವನೇ, ಬೊಂಬಾಯಿಯ ಯಾವುದೋ ಕಚೇರಿಯಲ್ಲಿ ಕಾರಕೂನ. ಕೇರಿಯ ಗಂಡಸರು ಮಲಗುತ್ತಿದ್ದದ್ದು ಅವನ ಜಗಲಿಯಲ್ಲಿ. ಅಷ್ಟೂ ಕಾಗದಗಳ ವಿಳಾಸ ಕೇರ್ ಆಫ್ ಸುಬ್ರಾಯ. ಜಗಲಿಯ ಬಾಡಿಗೆಯೆಂಬಂತೆ ಅವರೆಲ್ಲ ಅವನಿಂದ ಕಾಗದ ಬರೆಸಿಕೊಳ್ಳಬೇಕಿತ್ತು. ಗಂಡಸರು ಒಬ್ಬೊಬ್ಬರಾಗಿ ಊರಿಗೆ ಮರಳಿದರೂ ಪತ್ರವ್ಯವಹಾರ ನಿಲ್ಲಲಿಲ್ಲ.

“ಅಂವ ಬರೀತಿದ್ದ, ಮಾಸ್ತರರು ಉತ್ತರ ಬರೀತಿದ್ರು. ಟಪಾಲು ತಡ ಆದ್ರೆ ಮಾಸ್ತರರೇ ಊಟ ಬಿಡ್ತಿದ್ರು. ನಮ್ಮ ಯಜಮಾನ ನನ್ನ ಪಕ್ಕ ಕೂತು ತನ್ನ ಕಾಗದ ತಾನೇ ಕೇಳ್ತಿದ್ದ. ‘ಚಲೋ ಬರೀತಾನೆ ಹಲ್ಕಟ್, ನಂಗೇ ನಿನ್ನ ನೆನಪಾಗ್ತದೆ’ ಹೇಳ್ತಿದ್ದ.”

ವಾಪಸು ಬರುವಾಗ ರಿಕ್ಷಾದಲ್ಲಿ ತುಳಸಿದಾಸ ನಕಲಿನ ಪುಸ್ತಕವನ್ನು ಚೀಲಕ್ಕೆ ತುರುಕಿದ. ಪುಸ್ತಕ ಹೋಯಿತು ಎಂದುಕೊಂಡಿದ್ದ. ಮಾನಸಾಳ ಮುಖ ಮಾತ್ರ ಹಬ್ಬದಂತಿತ್ತು.

“ಸರ್, ಇದು ಇನ್ನೂ ಚೆನ್ನಾಯ್ತು. ಇಬ್ಬರು ಸಾಮಾನ್ಯ ಗುಮಾಸ್ತರು ಪರರ ಹೆಸರಿನಲ್ಲಿ ನಡೆಸಿದ ಸಾಹಿತ್ಯ ಸಂವಾದ! ಎಲ್ಲೂ ಇಲ್ಲ ಇಂಥದ್ದು.”

“ಅಪ್ಪ ಗುಮಾಸ್ತರಲ್ಲ. ಹೆಡ್‌ಮಾಸ್ತರರು. ಹೆಸರು ಮುಖಪುಟದಲ್ಲಿ ಇರ್ತದಲ್ಲ?”

ಅವಳು ಟಿಪ್ಪಣಿ ಮಡಚಿದಳು. “ನಿಜ ಹೇಳ್ಲಾ ಸರ್? ಗದ್ಯ ಸುಬ್ರಾಯರದ್ದೇ ಮೇಲು. ನಿಮ್ಮ ತಂದೆಯವರದ್ದು ಬರೀ ಸೂರ್ಯಾಸ್ತ. ಮುಖಪುಟಕ್ಕೆ ಸುಬ್ರಾಯರು, ಒಳಗೆ ಒಂದು ಅನುಬಂಧದಲ್ಲಿ ಮಾಸ್ತರರು ಬರ್ತಾರೆ.”

ಅನುಬಂಧ! ಸಾಲಗಾರರ ಜಾಮೀನುದಾರನನ್ನು ಹಾಕುವ ಜಾಗ ಅದು.

ತುಳಸಿದಾಸ ಹದಿನೈದು ದಿನ ಯಾರಿಗೂ ಸಲಹೆ ಕೊಡಲಿಲ್ಲ. ನೀತಾ ಹೆದರಿ ಡಾಕ್ಟರರನ್ನು ಕರೆಯಲೇ ಎಂದು ಕೇಳಿದಳು. ಅವನು ಕೋಣೆಯ ಬಾಗಿಲು ಹಾಕಿಕೊಂಡು ಅಪ್ಪನ ಹಳೇ ಶಾಲೆಯ ಬರೆಯದೆ ಉಳಿದ ಒಂದು ಹಾಜರಿ ಪುಸ್ತಕದಲ್ಲಿ, ಚಹಾದ ಡಿಕಾಕ್ಷನ್ ಬೆರೆಸಿದ ಶಾಯಿಯಲ್ಲಿ, ಅಪ್ಪನ ದುಂಡು ಅಕ್ಷರವನ್ನು ತಿದ್ದಿ ತಿದ್ದಿ ಕಲಿತು, ಅಪ್ಪ ಬರೆಯದ ಕಾಗದಗಳನ್ನು ಬರೆಯುತ್ತಿದ್ದ. ಮೊದಲ ಎರಡರಲ್ಲಿ ಸೂರ್ಯ ಮುಳುಗಿದ. ಮೂರನೆಯದರಲ್ಲಿ ಮುಳುಗಿಸಲು ಸೂರ್ಯನೇ ಉಳಿದಿರಲಿಲ್ಲ. ಬೇರೆ ದಾರಿಯಿಲ್ಲದೆ ಬೊಮ್ಮಿ ಹೇಳಿದ್ದನ್ನು ಹಾಕಿದ: ಹಾರಿಹೋದ ಮಡ್ಲು, ಸಿಗಡಿ ತಿಂದ ನಾಯಿ, ಮಾತು ಬಿಟ್ಟ ಅತ್ತೆ. “ಕೊಡೆ ತರುವುದಾದರೆ ದೊಡ್ಡದು ತಾ. ನಿನ್ನ ಅಬ್ಬೆಯೂ ಅದರ ಕೆಳಗೆ ಬರಬೇಕಾದೀತು.” ಬರೆದು ಪೆನ್ನು ಎತ್ತಿ, ಈ ಸಾಲು ಎಲ್ಲಿಂದ ಬಂತೆಂದು ತಾನೇ ಸುತ್ತ ನೋಡಿದ. ಮೊದಲಿನ ಎರಡನ್ನೂ ಹರಿದು ಬಿಸಾಡಿದ. ಅಟ್ಟದಲ್ಲಿ ಇನ್ನೊಂದು ಪುಸ್ತಕ ಸಿಕ್ಕಿದೆ ಎಂದು ಧಾರವಾಡಕ್ಕೆ ಕಳಿಸಿದ.

ಮಾನಸಾಳ ಫೋನು ಬಂದಾಗ ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಸರ್, ಅದ್ಭುತ! ದಿನನಿತ್ಯದ ಬದುಕು ಅಂದ್ರೆ ಇದು. ಆ ಕೊಡೆಯ ಸಾಲು ಓದಿ ನಮ್ಮ ವಿಭಾಗದಲ್ಲಿ ಎಲ್ಲರೂ ಸುಮ್ಮನಾಗಿಬಿಟ್ಟರು.”

ತುಳಸಿದಾಸ ಕುರ್ಚಿ ಎಳೆದು ಕೂತ. “ಅಪ್ಪನ ಕೈ ಪಳಗಿದ್ದು ಕೊನೆಕೊನೆಗೆ, ನೋಡಿ.”

“ಅಲ್ಲ ಸರ್, ಇದು ಸುಬ್ರಾಯರದ್ದು.”

“ಅಕ್ಷರ ಅಪ್ಪನದ್ದಲ್ಲವೇ?”

“ಅಕ್ಷರ ಅಷ್ಟೇ. ಇಂಥದ್ದನ್ನೆಲ್ಲ ಬರಿಯೂದಲ್ಲ ಅಂತ ಮಾಸ್ತರರು ಹೇಳಿದ್ದು ಟೇಪಿನಲ್ಲೇ ಇದೆ. ನಾಯಿ, ಕೊಡೆ ಎಲ್ಲ ಜಟ್ಟು ತಾಂಡೇಲನ ಬಾಯಲ್ಲಿ ಬೊಂಬಾಯಿಗೆ ಹೋದದ್ದು. ಕೇಳಿಸಿಕೊಂಡವರು ಸುಬ್ರಾಯರು. ಕಾಗದ ಅಂದ್ರೆ ಹೀಗಿರಬೇಕು ಅಂತ ಮಾದರಿ ಬರೆದು ಕಳಿಸಿದ್ದಾರೆ, ನಿಮ್ಮ ತಂದೆ ಕೂತು ಕಾಪಿ ಬರೆದಿದ್ದಾರೆ. ಪಾಪ, ಎಷ್ಟು ವಿನಯ ಸರ್ ಅವರದು!”

ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಲೆಕ್ಕಪರಿಶೋಧನೆಯಲ್ಲಿ ಇಂಥ ತಾಳೆಯನ್ನು ತುಳಸಿದಾಸ ತನ್ನ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ. ಅದು ಸುಳ್ಳೆಂದು ಹೇಳಬಲ್ಲವನು ಜಗತ್ತಿನಲ್ಲಿ ಒಬ್ಬನೇ ಇದ್ದ, ಅವನು “ಹೌದು, ವಿನಯ ಬಹಳ” ಎಂದು ಫೋನಿಟ್ಟ.

ಎರಡು ಸಾವಿರದ ಎಂಟರಲ್ಲಿ ಪುಸ್ತಕ ಕಾರವಾರದಲ್ಲೇ ಬಿಡುಗಡೆಯಾಯಿತು. ಮುಖಪುಟದಲ್ಲಿ ಸುಬ್ರಾಯ ಟೋಪಿ ಹಾಕಿಕೊಂಡು ನಗುತ್ತಿದ್ದ. ಕನ್ನಡ ಓದಲು ಬಾರದ ಅವನ ಮೊಮ್ಮಗ ಸಂಕೇತ ಮುಂಬೈಯಿಂದ ಬಂದು ವೇದಿಕೆಯ ಮೇಲೆ ಶಾಲು ಹೊದೆಸಿಕೊಂಡ. ಬೊಮ್ಮಿಯನ್ನು ಕಾರು ಮಾಡಿ ಕರೆಸಿ, ಎರಡನೇ ಸಾಲಿನಲ್ಲಿ ತುಳಸಿದಾಸನ ಪಕ್ಕ ಕೂರಿಸಿದ್ದರು. ಮಾನಸಾ ಕೊಡೆಯ ಕಾಗದ ಓದಿದಳು.

ಬೊಮ್ಮಿ ಮೊಣಕೈಯಿಂದ ತಿವಿದಳು. “ತಮಾ, ಇದು ಮಾತ್ರ ನಾ ಹೇಳಿದಂಗೇ ಅದೆ. ಯಾರು ಬರೆದದ್ದು?”

ತುಳಸಿದಾಸ ಬಾಯಿ ತೆರೆದ. ವೇದಿಕೆಯ ಮೇಲೆ ಸಂಕೇತ ಜಾರುತ್ತಿದ್ದ ಶಾಲು ಸರಿಮಾಡಿಕೊಳ್ಳುತ್ತಿದ್ದ.

“ಸುಬ್ರಾಯರು” ಎಂದ.

“ಅದಕ್ಕೇ ಹೇಳು” ಎಂದಳು ಬೊಮ್ಮಿ. “ಮಾಸ್ತರರ ಮನೆಯವರ ಕೈಲಿ ಇದು ಆಗೂದಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ತುಳಸಿದಾಸನೂ ತಟ್ಟಿದ, ಪಕ್ಕದವರಿಗಿಂತ ಒಂದು ಚೂರು ಹೆಚ್ಚೇ.