ಹೊಳೆಯುವ ಪಾಯಿಂಟುಗಳು

ಕೂಸಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ ಕೈಯ ಹಿಂಬದಿಯನ್ನು ಇಟ್ಟು ನೋಡುವುದು ನನ್ನ ಅಭ್ಯಾಸವಾಗಿತ್ತು. ಪರೀಕ್ಷೆ ಮುಗಿದು, ಕರೆಂಟು ತೆಗೆದ ಮೇಲೆ, ಬೆಂಚಿನ ಮೇಲಿದ್ದ ಪ್ರತಿಯೊಂದು ಸ್ವಿಚ್ಚಿನ ಮೈಯನ್ನೂ ಹಾಗೆ ಮುಟ್ಟುತ್ತಿದ್ದೆ. ಬಿಸಿ ಎಷ್ಟೆಂದು ತೋರಿಸಲು ಮೀಟರು ಇತ್ತು. ಆದರೂ ನನಗೆ ಸಮಾಧಾನವಿರಲಿಲ್ಲ. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಹೋದವಳು ಹಿಂದಕ್ಕೆ ಬಂದು ಬೀಗ ಜಗ್ಗಿ ನೋಡುವ ಜಾತಿ ನನ್ನದು.

"ಕೂಸು ಹೆಂಗೈತೆ ಮೇಡಂ? ಕಷಾಯ ಕಾಯಿಸ್ಕೊಂಡ್ ಬರ್ಲಾ?" ಎಂದು ಸಾವಂತ್ರಕ್ಕ ಕೂಗಿದರೆ ಜೋಡಣೆ ಸಾಲಿನ ಹೆಂಗಸರೆಲ್ಲ ನಗುತ್ತಿದ್ದರು. ಸಾವಂತ್ರಕ್ಕ ಆ ಸಾಲಿನ ಹಿರಿಯರು. ಅವರ ಮೇಜಿನ ಮೇಲೆ ಒಂದು ತಿರುಪೂ ಅಡ್ಡಾದಿಡ್ಡಿ ಬಿದ್ದಿರುತ್ತಿರಲಿಲ್ಲ.

ದೊಡ್ಡ ಮೋಟಾರುಗಳಿಗೆ ಕರೆಂಟು ಕೊಡುವ, ತೆಗೆಯುವ ಸ್ವಿಚ್ಚುಗಳನ್ನು ನಾವು ತಯಾರಿಸುತ್ತಿದ್ದೆವು. ಅವುಗಳ ಒಳಗೆ ಬೆಳ್ಳಿಯ ಪುಟ್ಟ ಬಿಲ್ಲೆಗಳು ಎದುರುಬದುರಾಗಿ ಕೂತಿರುತ್ತವೆ. ನಮ್ಮ ಬಾಯಲ್ಲಿ ಅವು ಪಾಯಿಂಟುಗಳು. ಅವೆರಡು ಕೂಡಿಕೊಂಡರೆ ಮೋಟಾರು ತಿರುಗುತ್ತದೆ. ಅವು ಸರಿಯಾಗಿ ಕೂಡಿಕೊಳ್ಳದಿದ್ದರೆ ಕಾದು ಕಾದು ಕೊನೆಗೆ ಸುಟ್ಟುಹೋಗುತ್ತವೆ. ಯಾವುದು ಹೊರಗೆ ಹೋಗಬಹುದು, ಯಾವುದು ಹೋಗಕೂಡದು ಎಂದು ಹೇಳುವುದು ನನ್ನ ಕೆಲಸ. ನಾನಿನ್ನೂ ತಾತ್ಕಾಲಿಕ ನೌಕರಳಾಗಿದ್ದೆ.

ಆ ದಿನ ಊರಿನ ನೀರೆತ್ತುವ ಪಂಪುಗಳಿಗೆಂದು ತಯಾರಾದ ಸ್ವಿಚ್ಚುಗಳು ಪೆಟ್ಟಿಗೆ ಸೇರಿ, ಲಾರಿ ಗೇಟಿನ ಹತ್ತಿರ ಬಂದು ನಿಂತಿತ್ತು. ಅವುಗಳಲ್ಲಿ ಕೆಲವನ್ನು ಬೆಳಗಿನಿಂದಲೇ ಬೆಂಚಿಗೆ ಹಾಕಿದ್ದೆ. ಒಳ್ಳೆಯ ಸ್ವಿಚ್ಚು ಮೊದಲು ಬಿಸಿಯಾಗುತ್ತದೆ, ಆಮೇಲೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇವು ನಿಲ್ಲಲಿಲ್ಲ. ಮೀಟರಿನ ಮುಳ್ಳು ತೀರ ನಿಧಾನವಾಗಿ, ಯಾರ ಗಮನಕ್ಕೂ ಬಾರದ ಹಾಗೆ ಮೇಲೇರುತ್ತಲೇ ಇತ್ತು.

ಮ್ಯಾನೇಜರ್ ನಂಜರಾಜಯ್ಯನವರು ಬಂದು ಕನ್ನಡಕ ಏರಿಸಿಕೊಂಡು ಮೀಟರು ನೋಡಿದರು. "ಕೆಂಪು ಗೆರೆ ದಾಟಿಲ್ಲವಲ್ಲಮ್ಮ. ಸೀಲು ಹಾಕಿ ಕಳಿಸಿ."

"ದಾಟಿಲ್ಲ ಸಾರ್. ಆದರೆ ನಿಂತೂ ಇಲ್ಲ. ಅಲ್ಲಿ ಪಂಪು ಹಗಲೂ ರಾತ್ರಿ ಓಡುತ್ತೆ. ಗೆರೆ ದಾಟೋದು ಅಲ್ಲಿ ಹೋದ ಮೇಲೆ."

"ನಿಮಗೆ ಎಲ್ಲದರಲ್ಲೂ ಅನುಮಾನ. ನಿಮ್ಮ ಕೆಲಸ ಖಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲೇ ಇದೆ. ನೆನಪಿರಲಿ."

ಕೆಂಪು ಚೀಟಿ ಎಂದರೆ ಸರಕು ಹೊರಗೆ ಹೋಗಕೂಡದೆಂದು ಅರ್ಥ. ನಾನು ಎದ್ದು ಹೋಗಿ ಮೊದಲ ಪೆಟ್ಟಿಗೆಗೆ ಅದನ್ನು ಕಟ್ಟಿದೆ. ಗಂಟನ್ನು ಎರಡು ಸಲ ಜಗ್ಗಿ ನೋಡಿದೆ.

"ಕಾರಣ?" ಎಂದರು ಅವರು.

"ಸಂಜೆಯೊಳಗೆ ಹೇಳ್ತೀನಿ ಸಾರ್."

ಕಾರಣ ನನಗೂ ಗೊತ್ತಿರಲಿಲ್ಲ. ಕರೆಂಟು ತೆಗೆಸಿ ಕೈಯ ಹಿಂಬದಿಯಿಟ್ಟು ನೋಡಿದೆ. ಒಂದು ಸ್ವಿಚ್ಚಿನೊಳಗೆ ಪಾಯಿಂಟುಗಳ ಮೂರು ಜೋಡಿಗಳಿರುತ್ತವೆ; ಅವುಗಳಲ್ಲಿ ಒಂದು ಜೋಡಿಯಿದ್ದ ಬದಿಗೆ ನಿಜವಾಗಿ ಜ್ವರವಿತ್ತು. ಸ್ವಿಚ್ಚು ಆರಿದ ಮೇಲೆ ಮುಚ್ಚಳ ಬಿಚ್ಚಿದೆ. ಒಳಗೆ ಪಾಯಿಂಟುಗಳು ಫಳಫಳ ಹೊಳೆಯುತ್ತಿದ್ದವು, ಹಬ್ಬದ ದಿನದ ದೇವರ ಮನೆಯ ಹಾಗೆ. ಅಲ್ಲಿಯೇ ನನ್ನ ಕಣ್ಣು ನಿಂತಿತು. ಗೋದಾಮಿನಿಂದ ಬರುವ ಬೆಳ್ಳಿ ಹೀಗಿರುವುದಿಲ್ಲ. ಗಾಳಿಗೆ ಕಪ್ಪಿಟ್ಟು ಮಂಕಾಗಿರುತ್ತದೆ. ಬಿಲ್ಲೆಯ ಅಂಚಿನ ಸಂದಿಯಿಂದ ಬೂದು ಬಣ್ಣದ ಪುಡಿಯನ್ನು ಸೂಜಿಯಿಂದ ಕೆದಕಿ ಬೆರಳಿಗೆ ಹಚ್ಚಿ ಮೂಸಿದೆ. ಆ ವಾಸನೆ ಗೊತ್ತಾಗಲು ಯಾವ ಕಾಲೇಜೂ ಬೇಕಿರಲಿಲ್ಲ.

ಊಟದ ಹೊತ್ತಿಗೆ ಸಾವಂತ್ರಕ್ಕನ ಪಕ್ಕದಲ್ಲಿ ಹೋಗಿ ಕೂತೆ.

"ಅಕ್ಕ, ಮನೇಲಿ ಬೆಳ್ಳಿ ದೀಪ ಯಾತರಲ್ಲಿ ತಿಕ್ತೀರಿ?"

"ಇನ್ಯಾತರಲ್ಲಿ? ವಿಭೂತೀಲಿ. ಮುಖ ಕಾಣೋ ಹಂಗ್ ಹೊಳೀತದೆ," ಎಂದವರು ನನ್ನ ಬೆರಳನ್ನು ಕಂಡರು. ಕೈಯಲ್ಲಿದ್ದ ತುತ್ತು ತಟ್ಟೆಗೆ ಹೋಯಿತು.

"ಹೋದ ಸಲ ಗಿರಾಕಿ ಮುಚ್ಚಳ ಬಿಚ್ಚಿ, ಪಾಯಿಂಟು ಕರ್ರಗವೆ, ಹಳೇ ಮಾಲು ಅಂತ ವಾಪಸ್ ಕಳ್ಸಿದ್ನಲ್ಲ ಮೇಡಂ," ಎಂದರು ಮೆಲ್ಲಗೆ. "ನಮ್ಮ ಸಾಲಿನ ಮರ್ವಾದೆ ಹೋದಂಗಾಯ್ತು. ಅದ್ಕೇ ಮನೆಯಿಂದ ವಿಭೂತಿ ಉಂಡೆ ತಂದು, ಬಿಡುವಾದಾಗ ಒಂದೊಂದೇ ತಿಕ್ಕಿಟ್ಟೆ. ಯಾರೂ ಹೇಳ್ಕೊಟ್ಟಿದ್ದಲ್ಲ. ತಪ್ಪಾಯ್ತಾ?"

"ಬೂದಿಯೊಳಗೆ ಕರೆಂಟು ಹರಿಯಲ್ಲ ಅಕ್ಕ. ಸಂದೀಲಿ ಕೂತು ಅಡ್ಡ ಬರುತ್ತೆ. ಆ ಕಪ್ಪಿನಿಂದ ತೊಂದರೆ ಇಲ್ಲ. ಎರಡು ಪಾಯಿಂಟು ಒಂದಕ್ಕೊಂದು ಉಜ್ಜಿಕೊಂಡಾಗ ಅದು ತಾನಾಗಿಯೇ ಹೋಗುತ್ತೆ."

ಎದುರಿಗೆ ಕೂತಿದ್ದ ಹೂವಮ್ಮ ತಡೆಯಲಾರದೆ, "ಅಯ್ಯೋ, ಪಂಪಿಗೂ ಪೂಜೆ ಮಾಡ್ಬುಟ್ಯಲ್ಲಕ್ಕ!" ಎಂದಳು. ಯಾರೂ ನಗಲಿಲ್ಲ.

ತಿಕ್ಕದ, ಕಪ್ಪು ಪಾಯಿಂಟಿನ ಒಂದು ಸ್ವಿಚ್ಚನ್ನು ಗೋದಾಮಿನಿಂದ ತರಿಸಿದೆ. ಹೊಳೆಯುವ ಒಂದರ ಪಕ್ಕದಲ್ಲೇ ಅದನ್ನು ಬೆಂಚಿಗೆ ಹಾಕಿ, ಎರಡಕ್ಕೂ ಒಂದೇ ಕರೆಂಟು ಕೊಟ್ಟೆ. ಮಧ್ಯಾಹ್ನವೆಲ್ಲ ಅಲ್ಲಿಂದ ಕದಲಲಿಲ್ಲ. ಕಪ್ಪಿನದು ಏರಿ, ಒಂದು ಕಡೆ ನಿಂತಿತು. ಹೊಳೆಯುವುದು ಏರುತ್ತ ಹೋಗಿ, ಬಿಸಿಲು ಇಳಿಯುವ ಹೊತ್ತಿಗೆ ಕೆಂಪು ಗೆರೆಯನ್ನು ದಾಟಿಯೇಬಿಟ್ಟಿತು.

ನಂಜರಾಜಯ್ಯನವರನ್ನು ಕರೆದೆ. ಅವರು ಮೀಟರನ್ನು ನೋಡಿದರು. ಕರೆಂಟು ತೆಗೆಸಿದೆ. ಅವರು ಸುತ್ತ ಒಮ್ಮೆ ಕಣ್ಣಾಡಿಸಿ, ಅಂಗಿಯ ತೋಳು ಮಡಿಸಿ, ತಮ್ಮ ಕೈಯ ಹಿಂಬದಿಯನ್ನು ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಇಟ್ಟರು. ಎರಡನೆಯದರಿಂದ ಕೈಯನ್ನು ಸರಕ್ಕನೆ ಎಳೆದುಕೊಂಡರು.

"ಯಾರು ಮಾಡಿದ್ದು?"

"ನಾನೇ ಸಾಮಿ," ಎಂದು ಹಿಂದಿನಿಂದ ಸಾವಂತ್ರಕ್ಕ ಮುಂದೆ ಬಂದರು.

ನಾನು ನಡುವೆ ಮಾತಾಡಿದೆ. ಅಷ್ಟು ಗಟ್ಟಿಯಾಗಿ ಮಾತಾಡಬಲ್ಲೆನೆಂದು ನನಗೂ ಗೊತ್ತಿರಲಿಲ್ಲ. "ಕಪ್ಪಾದರೆ ತೊಂದರೆ ಇಲ್ಲ ಅಂತ ಗಿರಾಕಿಗೂ ನಾವು ಹೇಳಲಿಲ್ಲ, ಇವರಿಗೂ ಹೇಳಲಿಲ್ಲ ಸಾರ್. ಇನ್ನು ಮೇಲೆ ಅದನ್ನು ಹೇಳೋದು ನನ್ನ ಕೆಲಸ. ಮತ್ತೆ ಕಪ್ಪು ಅಂತ ಯಾರಾದರೂ ತಕರಾರು ಮಾಡಿದರೆ ಇಲ್ಲಿಗೇ ಕರೆಸಿ. ಈ ಬೆಂಚಿನ ಮುಂದೆ ನಾನು ಕೂರಿಸ್ತೀನಿ."

ಅವರು ಮಡಿಸಿದ್ದ ತೋಳನ್ನು ಇಳಿಸಿಕೊಂಡರು. ಆಮೇಲೆ, "ಲಾರೀನ ಖಾಲಿಯಾಗೇ ಕಳಿಸಿಬಿಡಿ. ಮಾಲು ತಯಾರಾದಾಗ ಕರೆಸೋಣ," ಎಂದರು. ಬಾಗಿಲ ತನಕ ಹೋದವರು ತಿರುಗಿ, "ಮಾಲು ತಯಾರಾಯಿತು ಅಂತ ಹೇಳಬೇಕಾದವರು ನೀವು," ಎಂದು ಸೇರಿಸಿದರು.

ಪೆಟ್ಟಿಗೆಗಳು ಮತ್ತೆ ಒಳಗೆ ಬಂದವು. ಮುಚ್ಚಳಗಳನ್ನು ಬಿಚ್ಚಿ, ಪಾಯಿಂಟುಗಳನ್ನು ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಸಣ್ಣ ಬ್ರಶ್ಶಿನಿಂದ ಸಂದಿ ಸಂದಿಯ ಬೂದಿಯನ್ನು ತೊಳೆಯುವ ಕೆಲಸವನ್ನು ಸಾವಂತ್ರಕ್ಕ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ತೊಳೆದವನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತ ಹೋದರು. ಕೊನೆಯದನ್ನು ಇಟ್ಟ ಮೇಲೆ ಅವನ್ನು ಒರೆಸಲೆಂದು ಅವರ ಕೈ ಅಭ್ಯಾಸದಂತೆ ಸೆರಗಿನ ತುದಿಯ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ಆಮೇಲೆ ಅವರು ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಆ ಬೆಳ್ಳಿಯ ಚೂರುಗಳು ತಮ್ಮಷ್ಟಕ್ಕೆ ತಾವೇ ಆರುವುದನ್ನು ನೋಡುತ್ತ ಕೂತರು.