ನಡುಮನೆಯ ಸಂರಕ್ಷಿತ ಗೋಡೆ

ಬೀದಿಯ ಹಳೆಯ ಮನೆಗಳನ್ನೆಲ್ಲ ಸರ್ಕಾರ ಸಂರಕ್ಷಿತ ಪಾರಂಪರಿಕ ತಾಣವೆಂದು ಘೋಷಿಸಿದ ಮೇಲೆ ಒಂದು ಮೊಳೆ ಹೊಡೆಯುವುದಕ್ಕೂ ಅಧಿಕಾರಿಯ ಅಪ್ಪಣೆ ಬೇಕಾಯಿತು. ದರ್ಜಿಯ ಹೆಂಡತಿಗೋ ಮೊಳೆ ಹೊಡೆಯುವುದಲ್ಲ, ನಡುಮನೆಯನ್ನು ಎರಡಾಗಿ ಸೀಳಿದ್ದ ಗೋಡೆಯನ್ನೇ ಒಡೆಯಬೇಕಿತ್ತು. ಆಚೆ ಭಾಗದಲ್ಲಿ ಗಡಿಯಾರ ರಿಪೇರಿಯ ಮೈದುನ ಮತ್ತು ವಾರಗಿತ್ತಿ ಇದ್ದರು. ಈ ಲೋಕದಲ್ಲಿ ಅವಳ ಬಾಯಿಗೆ ಸರಿಸಾಟಿಯೆಂದರೆ ಆ ವಾರಗಿತ್ತಿಯೊಬ್ಬಳೇ. ಅವಳ ಹತ್ತಿರ ನಾಲ್ಕು ಮಾತಾಡಬೇಕೆಂದರೂ ಚಪ್ಪಲಿ ಮೆಟ್ಟಿಕೊಂಡು ಬೀದಿ ಸುತ್ತಿ ಹೋಗಬೇಕು. ಸಾಕುಸಾಕಾಗಿತ್ತು.

ಅಣ್ಣತಮ್ಮಂದಿರೇನೋ ಈಗ ಒಂದಾಗಿದ್ದರು. ಹಿಂದೆ ಅವರು ಹಾವು ಮುಂಗುಸಿಯಂತೆ ಕಿತ್ತಾಡುತ್ತಿದ್ದ ಕಾಲದಲ್ಲಿ ಒಂದು ಸಂಜೆ ಅಂಗಡಿ ಮುಚ್ಚಿ ಬಂದು ನೋಡಿದರೆ ಗೋಡೆ ಎದ್ದು ನಿಂತಿತ್ತು. ಮಾತು ಬಿಟ್ಟಿದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ. ಕಟ್ಟಿಸಿದ್ದು ತಮ್ಮನೆಂದು ಅಣ್ಣ, ಅಣ್ಣನೆಂದು ತಮ್ಮ ತಿಳಿದರು. ರಾಜಿಯಾದಾಗ ಇಬ್ಬರೂ ದೊಡ್ಡ ಮನಸ್ಸು ಮಾಡಿ ಒಬ್ಬರನ್ನೊಬ್ಬರು ಕ್ಷಮಿಸಿಯೂ ಬಿಟ್ಟರು. ನಿಜವಾಗಿ ಕಟ್ಟಿಸಿದವರು ಅವರ ಗದ್ದಲಕ್ಕೆ ತಲೆಚಿಟ್ಟು ಹಿಡಿದಿದ್ದ ಹೆಂಡತಿಯರು. ಕಟ್ಟಿದ ಗಾರೆಯವನು ಆಮೇಲೆ ಊರು ಬಿಟ್ಟ, ಗುಟ್ಟು ಇವರಿಬ್ಬರ ಹೊಟ್ಟೆಯಲ್ಲೇ ಉಳಿಯಿತು.

ಅಧಿಕಾರಿ ಬಂದು ಗೋಡೆಯನ್ನು ತಟ್ಟಿದ, ಮೂಸಿಯೂ ನೋಡಿದ. "ಇದು ಆಮೇಲೆ ಕಟ್ಟಿದ್ದು ಅಂತಾದ್ರೆ ಕೆಡವಬಹುದು. ಆದ್ರೆ ಕಟ್ಟಿಸಿದೋರು ನನ್ನೆದುರು ಒಪ್ಕೋಬೇಕು. ಇಲ್ದಿದ್ರೆ ಇದನ್ನೂ ಹಾಗೇ ಕಾಪಾಡ್ಬೇಕಾಗುತ್ತೆ."

"ಹೇಳೋ ತಮ್ಮಾ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ" ಎಂದ ದರ್ಜಿ, ಬಲು ಉದಾರವಾಗಿ.

"ನಾನೇನು ಹೇಳ್ಲಿ? ಕಟ್ಟಿಸಿದ್ದು ನೀನು!"

"ನಾನಾ? ಅಪ್ಪನ ಮನೇನ ಹೋಳು ಮಾಡಿ ಈಗ ನನ್ನ ತಲೆಗೆ ಕಟ್ತೀಯಾ?"

ಮಾತಿಗೆ ಮಾತು ಬೆಳೆಯಿತು. ಅಧಿಕಾರಿ ಪೆನ್ನು ಜೇಬಿಗಿಟ್ಟುಕೊಂಡು ಎದ್ದ. ಅವನು ಹೊಸ್ತಿಲು ದಾಟಿದರೆ ಗೋಡೆ ಶಾಶ್ವತ. ದರ್ಜಿಯ ಹೆಂಡತಿ ಅವನಿಗೆ ಅಡ್ಡ ಬಂದಳು. ಬೇಡ ಎಂದು ವಾರಗಿತ್ತಿ ಕಣ್ಣಲ್ಲೇ ಹೇಳುತ್ತಿದ್ದರೂ ಅವಳ ಬಾಯಿ ತಡೆಯಲಿಲ್ಲ.

"ಸಾರ್, ನಿಲ್ಲಿ. ಕಟ್ಟಿಸಿದ್ದು ನಾವಿಬ್ಬರು ಹೆಂಗಸ್ರು."

ಅಧಿಕಾರಿ ನಗು ನುಂಗಿಕೊಂಡು ಅಪ್ಪಣೆ ಕೊಟ್ಟು ಹೋದ.

ಅಣ್ಣತಮ್ಮಂದಿರು ಅಷ್ಟು ಒಗ್ಗಟ್ಟಾಗಿದ್ದುದನ್ನು ಯಾರೂ ಕಂಡಿರಲಿಲ್ಲ. "ನೋಡಿದ್ಯೇನೋ, ಇಬ್ರೂ ಸೇರಿ ನಮಗೇ ಟೋಪಿ ಹಾಕಿದ್ರಲ್ಲೋ!" ಎಂದು ದರ್ಜಿ ತಮ್ಮನ ಹೆಗಲಿಗೆ ಕೈ ಹಾಕಿಕೊಂಡು ಆಚೆ ಭಾಗಕ್ಕೆ ಹೋದ. ಅಲ್ಲಿ ಕೂತು ಇಬ್ಬರೂ ಹೆಂಡತಿಯರಿಗೆ ಮಂಗಳಾರತಿ ಎತ್ತತೊಡಗಿದರು. ಗೋಡೆಯ ಈಚೆಗೆ ಅದು ಬರೀ ಗುಂಯ್ ಎಂದಷ್ಟೇ ಕೇಳುತ್ತಿತ್ತು. ಹೆಂಡತಿಯರು ಒಂದೇ ಚಾಪೆಯ ಮೇಲೆ ಕಾಲು ಚಾಚಿ ಕೂತು ಮನಸಾರೆ ಹರಟಿದರು.

"ಅಕ್ಕಾ, ನಾಳೆ ಗೋಡೆ ಒಡೆಯೋಕೆ ಆಳಿಗೆ ಹೇಳೋಣ್ವಾ?" ಎಂದಳು ವಾರಗಿತ್ತಿ.

ದರ್ಜಿಯ ಹೆಂಡತಿ ಗೋಡೆಗೆ ಆರಾಮವಾಗಿ ಒರಗಿದಳು. "ಅವರ ಸಿಟ್ಟು ಇಳಿಯೋವರೆಗೂ ಇರ್ಲಿ ಬಿಡೇ. ಇಷ್ಟು ಒಳ್ಳೆ ಗೋಡೆ ಇನ್ನೆಲ್ಲಿ ಸಿಗುತ್ತೆ?"